ಫೀಸು ಕಟ್ಟಿದವರು ಯಾರು?

ಕನ್ನಡದ ಆತ್ಮಕತೆಗಳನ್ನು ಓದಿದವರಿಗೆ ವಾರಾನ್ನ ಎಂಬ ಮಾತು ಹೊಸದಲ್ಲ. ಓದಲೆಂದು ಪಟ್ಟಣಕ್ಕೆ ಬಂದ ಬಡ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ ಉಂಡು ಪರೀಕ್ಷೆ ಪಾಸು ಮಾಡಿದ ಕತೆ ನಮ್ಮಲ್ಲಿ ಮತ್ತೆ ಮತ್ತೆ ಬರುತ್ತದೆ. ಎಸ್.ಎಲ್. ಭೈರಪ್ಪನವರ ‘ಭಿತ್ತಿ’ಯಲ್ಲಿ ವಾರಾನ್ನವಿದೆ, ಓದಿನ ಖರ್ಚಿಗಾಗಿ ಮಾಡಿದ ಸಣ್ಣಪುಟ್ಟ ಕೆಲಸಗಳಿವೆ. ಸಿದ್ಧಲಿಂಗಯ್ಯನವರ ‘ಊರು ಕೇರಿ’ಯಲ್ಲಿ ಹಾಸ್ಟೆಲ್ಲಿನ ಬದುಕಿದೆ. ವಾರಾನ್ನದ ಮನೆಯ ಬಾಗಿಲು ಯಾರಿಗೆ ತೆರೆಯುತ್ತಿತ್ತು, ಯಾರಿಗೆ ಹಾಸ್ಟೆಲ್ಲೇ ಗತಿಯಾಗಿತ್ತು ಎಂಬುದು ಈ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದರೆ ತಾನಾಗಿಯೇ ಕಾಣುತ್ತದೆ. ಓದುವ ಹುಡುಗನಿಗೆ ಅನ್ನ ಹಾಕಿದವರು ಯಾರು ಎಂಬ ಸಣ್ಣ ಪ್ರಶ್ನೆಯ ಹಿಂದೆ ಜಾತಿ, ಊರು, ಮಠ, ಸರ್ಕಾರ ಎಲ್ಲವೂ ಸಾಲುಗಟ್ಟಿ ಬರುತ್ತವೆ.

ಅದೇ ವಿದ್ಯಾರ್ಥಿ ಅಮೆರಿಕದ ವಿಮಾನ ಹತ್ತಿದ ಕೂಡಲೇ ನಾವು ಈ ಪ್ರಶ್ನೆಯನ್ನು ಕೈಬಿಟ್ಟುಬಿಡುತ್ತೇವೆ. ವಲಸೆಯ ಸಾಹಿತ್ಯದ ಬಗ್ಗೆ ನಮ್ಮ ವಿಮರ್ಶೆಗೆ ಅಭ್ಯಾಸವಾಗಿರುವ ಪದಗಳೇ ಬೇರೆ: ಅಸ್ಮಿತೆ, ಬೇರು, ತಾಯ್ನಾಡಿನ ಹಂಬಲ, ಎರಡು ಸಂಸ್ಕೃತಿಗಳ ನಡುವಿನ ತೊಳಲಾಟ. ಎಂ.ಎ. ತರಗತಿಗಳ ಸೆಮಿನಾರು ಪತ್ರಿಕೆಗಳಲ್ಲಿ ಈ ಪದಗಳೇ ಸುತ್ತಿ ಸುತ್ತಿ ಬರುತ್ತವೆ. ಅವು ಸುಳ್ಳೇನಲ್ಲ. ಆದರೆ ಅಮೆರಿಕದ ಕಾಲೇಜಿನಲ್ಲಿ ಓದುವ ಪರದೇಶದ ವಿದ್ಯಾರ್ಥಿಯ ಕುರಿತು ಬಂದಿರುವ ಮುಖ್ಯ ಕೃತಿಗಳನ್ನು ನಿಧಾನವಾಗಿ ಓದಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಲ್ಲಿ ‘ನಾನು ಯಾರು’ ಎಂಬ ಪ್ರಶ್ನೆ ಹುಟ್ಟುವುದು ಫೀಸು ಕಟ್ಟುವ ಕೌಂಟರಿನ ಮುಂದೆ. ಕನ್ನಡದಲ್ಲಿ ಪರದೇಶಿ ಎಂದರೆ ಹೊರನಾಡಿನವನು ಎಂಬ ಅರ್ಥವೂ ಇದೆ, ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ. ಆ ಎರಡನೆಯ ಅರ್ಥವನ್ನು ಮರೆತು ಮೊದಲನೆಯದನ್ನಷ್ಟೇ ಓದುವುದರಿಂದ ಈ ಕೃತಿಗಳ ಅರ್ಧ ಭಾಗ ನಮ್ಮ ಕೈಗೆ ಸಿಗದೆ ಹೋಗುತ್ತಿದೆ.

ಕೃತಿಗಳಿಗೆ ಹೋಗುವ ಮೊದಲು ಈಗಿನ ನಿಯಮಗಳನ್ನು ನೋಡಿಕೊಳ್ಳುವುದು ಒಳ್ಳೆಯದು. ಓದಲು ಹೋಗುವವರಿಗೆ ಅಮೆರಿಕ ಸಾಮಾನ್ಯವಾಗಿ ಕೊಡುವುದು ಎಫ್-1 ವೀಸಾ. ಅದಕ್ಕೆ ಬೇಕಾದ ಐ-20 ಎಂಬ ಪತ್ರ ಸಿಗಬೇಕಾದರೆ ಮೊದಲ ವರ್ಷದ ಫೀಸು ಮತ್ತು ಜೀವನದ ಖರ್ಚಿಗೆ ಹಣವಿದೆ ಎಂದು ಕಾಗದ ತೋರಿಸಬೇಕು. ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ಸಿನ ಒಳಗೆ ಮಾತ್ರ ಕೆಲಸ ಮಾಡಬಹುದು. ರಜೆಯಲ್ಲಿ ಪೂರ್ತಿ ಹೊತ್ತು ಮಾಡಬಹುದು. ಅಮೆರಿಕದ ಮಕ್ಕಳಿಗೆ ಸಿಗುವ ಕೇಂದ್ರ ಸರ್ಕಾರದ ಅನುದಾನವಾಗಲೀ ಸಾಲವಾಗಲೀ ಇವರಿಗಿಲ್ಲ. ಹೊರಗೆ ದುಡಿಯಬೇಕಾದರೆ ಪ್ರತ್ಯೇಕ ಅನುಮತಿ ಬೇಕು. ಅನುಮತಿಯಿಲ್ಲದೆ ದುಡಿದರೆ ವಿದ್ಯಾರ್ಥಿ ಎಂಬ ಸ್ಥಾನವೇ ಹೋಗುತ್ತದೆ.

ಈಗ ಲೆಕ್ಕ ಹಾಕಿ. ಅಮೆರಿಕದ ಕೇಂದ್ರ ಕಾನೂನಿನ ಕನಿಷ್ಠ ಕೂಲಿ 2009ರಿಂದಲೂ ಗಂಟೆಗೆ 7.25 ಡಾಲರ್. ವಾರಕ್ಕೆ 20 ಗಂಟೆಯಂತೆ 145 ಡಾಲರ್. ಎರಡು ಸೆಮಿಸ್ಟರಿನ ಸುಮಾರು 30 ವಾರಕ್ಕೆ 4,350 ಡಾಲರ್. ಎಷ್ಟೋ ರಾಜ್ಯಗಳಲ್ಲಿ ಕೂಲಿ ಇದಕ್ಕಿಂತ ಹೆಚ್ಚು. ಗಂಟೆಗೆ 15 ಡಾಲರ್ ಎಂದೇ ಹಿಡಿದರೂ ಬರುವುದು 9,000. ಹಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ವರ್ಷದ ಬೋಧನಾ ಶುಲ್ಕವೊಂದೇ 60,000 ಡಾಲರ್ ದಾಟಿದೆ. ಅಂದರೆ ‘ದುಡಿದುಕೊಂಡು ಓದುತ್ತೇನೆ’ ಎಂದು ಊರಿನಲ್ಲಿ ಹೇಳಿ ಬಂದ ಮಾತನ್ನು ಕಾನೂನಿನೊಳಗೆ ಇದ್ದುಕೊಂಡು ನಡೆಸುವುದು ಬಹುಮಟ್ಟಿಗೆ ಆಗದ ಕೆಲಸ. ಉಳಿದ ಹಣ ಅಪ್ಪನಿಂದ ಬರಬೇಕು, ಸ್ಕಾಲರ್‌ಷಿಪ್ಪಿನಿಂದ ಬರಬೇಕು, ಬ್ಯಾಂಕಿನಿಂದ ಬರಬೇಕು, ಇಲ್ಲವೇ ಲೆಕ್ಕಕ್ಕೆ ಸಿಗದ ದುಡಿಮೆಯಿಂದ ಬರಬೇಕು. ಈ ನಾಲ್ಕರಲ್ಲಿ ಯಾವುದು ಎಂಬುದರ ಮೇಲೆ ಕತೆಯ ಧಾಟಿಯೇ ಬದಲಾಗುತ್ತದೆ.

ಇಂಥ ನಿಯಮಗಳಿಲ್ಲದಿದ್ದ ಕಾಲದ ಪುಸ್ತಕವೊಂದರಿಂದ ಶುರುಮಾಡೋಣ. ಧನಗೋಪಾಲ ಮುಖರ್ಜಿ 1910ರಲ್ಲಿ ಜಪಾನಿನಿಂದ ಹಡಗಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊಗೆ ಬಂದಿಳಿದ ಬಂಗಾಳಿ ಹುಡುಗ. ಬರ್ಕ್ಲಿಯಲ್ಲಿ ಓದಿ, 1914ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಪದವಿ ಪಡೆದ. ಮುಂದೆ ಮಕ್ಕಳ ಪುಸ್ತಕಕ್ಕೆ ಅಮೆರಿಕದ ನ್ಯೂಬೆರಿ ಪದಕವನ್ನೂ ಪಡೆದ ಲೇಖಕ ಈತ. 1923ರಲ್ಲಿ ಬಂದ ‘ಕ್ಯಾಸ್ಟ್ ಅಂಡ್ ಔಟ್‌ಕ್ಯಾಸ್ಟ್’ ಆತನ ಆತ್ಮಕತೆ. ಮೊದಲ ಭಾಗದಲ್ಲಿ ಪುರೋಹಿತರ ಮನೆಯ ಬಾಲ್ಯ; ಎರಡನೆಯ ಭಾಗದಲ್ಲಿ ಅಮೆರಿಕ. ಅಲ್ಲಿ ಹಣ ಮುಗಿದ ವಿದ್ಯಾರ್ಥಿ ಪರರ ಮನೆಯಲ್ಲಿ ಪಾತ್ರೆ ತೊಳೆಯುತ್ತಾನೆ, ಮನೆಗೆಲಸ ಮಾಡುತ್ತಾನೆ, ಮಾಡಲು ಬಾರದೆ ಕೆಲಸ ಕಳೆದುಕೊಳ್ಳುತ್ತಾನೆ, ಹೊಲದಲ್ಲಿ ಕೂಲಿಗಳ ಜೊತೆ ದುಡಿಯುತ್ತಾನೆ. ದೇವಸ್ಥಾನದ ಪೂಜೆಯ ಮನೆಯಿಂದ ಬಂದವನು ಇನ್ನೊಬ್ಬರ ಮುಸುರೆ ತಿಕ್ಕುವುದು ಏನೆಂದು ಭಾರತದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕದ ಹೆಸರಿನಲ್ಲಿರುವ ಎರಡನೆಯ ಪದಕ್ಕೆ, ಜಾತಿಯಿಂದ ಹೊರಬಿದ್ದವನು ಎಂಬುದಕ್ಕೆ, ಅಡುಗೆಮನೆಯ ತೊಟ್ಟಿಯ ಮುಂದೆ ನಿಜವಾದ ಅರ್ಥ ಬರುತ್ತದೆ. ಸಮುದ್ರ ದಾಟಿದ್ದರಿಂದ ಹೋಗದ ಜಾತಿ ಫೀಸಿನಿಂದ ಹೋಯಿತು.

ಜಯಪ್ರಕಾಶ ನಾರಾಯಣರದೂ ಇದೇ ದಾರಿ. 1922ರಲ್ಲಿ ಕ್ಯಾಲಿಫೋರ್ನಿಯಕ್ಕೆ ಬಂದ ಅವರು ದ್ರಾಕ್ಷಿ ತೋಟದಲ್ಲಿ ಹಣ್ಣು ಬಿಡಿಸಿ ಒಣಗಿಸುವ ಕೆಲಸ ಮಾಡಿದರು, ಹಣ್ಣಿನ ಕಾರ್ಖಾನೆಯಲ್ಲಿ ಡಬ್ಬಿ ತುಂಬಿದರು, ಹೋಟೆಲಿನಲ್ಲಿ ತಟ್ಟೆ ತೊಳೆದರು. ಬರ್ಕ್ಲಿಯಲ್ಲಿ ಫೀಸು ಇಮ್ಮಡಿಯಾದಾಗ ಅಲ್ಲಿಂದ ಎದ್ದು, ಖರ್ಚು ಕಡಿಮೆಯಿದ್ದ ಅಯೋವಕ್ಕೆ ಹೋದರು. ಅಲ್ಲಿಂದ ವಿಸ್ಕಾನ್ಸಿನ್, ಅಲ್ಲಿಂದ ಓಹಾಯೊ. ಜೆ.ಪಿ. ಮಾರ್ಕ್ಸ್‌ವಾದಿಯಾದದ್ದು ವಿಸ್ಕಾನ್ಸಿನ್ನಿನಲ್ಲಿ ಎಂದು ಅವರ ಜೀವನ ಚರಿತ್ರೆಗಳು ಬರೆಯುತ್ತವೆ. ಅವರು ಅಲ್ಲಿಗೆ ಮುಟ್ಟಿದ ದಾರಿಯಲ್ಲಿ ಬರ್ಕ್ಲಿಯ ಶುಲ್ಕದ ಪಟ್ಟಿಯೂ ಇತ್ತು ಎಂಬುದನ್ನು ಅಷ್ಟೇ ಒತ್ತಿ ಹೇಳುವುದಿಲ್ಲ.

ಮುಖರ್ಜಿ ಮತ್ತು ಜೆ.ಪಿ. ಕತೆಗಳಲ್ಲಿ ಒಂದು ಬಿಚ್ಚುತನವಿದೆ. ತಟ್ಟೆ ತೊಳೆದೆ ಎಂದು ಹೇಳಿಕೊಳ್ಳಲು ಅಲ್ಲಿ ಯಾರೂ ಅಂಜುವುದಿಲ್ಲ. ಇದನ್ನು ಮೆಚ್ಚುತ್ತಲೇ ಅನುಮಾನದಿಂದಲೂ ನೋಡಬೇಕು. ದೊಡ್ಡವರಾದ ಮೇಲೆ ಹೇಳುವ ಕತೆಯಲ್ಲಿ ಮುಸುರೆ ತಿಕ್ಕಿದ್ದು ಪದಕವಾಗುತ್ತದೆ. ಘಾನಾದ ಮೊದಲ ನಾಯಕ ಕ್ವಾಮೆ ಎನ್‌ಕ್ರೂಮಾ ತನ್ನ ಆತ್ಮಕತೆಯಲ್ಲಿ ಹಾರ್ಲೆಮ್ಮಿನಲ್ಲಿ ಮೀನು ಮಾರಿದ್ದನ್ನು, ಸಾಬೂನಿನ ಕಾರ್ಖಾನೆಯಲ್ಲಿ ದುಡಿದದ್ದನ್ನು ಬರೆಯುವಾಗಲೂ ನಮಗೆ ಗೊತ್ತು, ಈ ಮನುಷ್ಯ ಮುಂದೆ ದೇಶವನ್ನು ಆಳುತ್ತಾನೆ ಎಂದು. ಅದೇ ತೊಟ್ಟಿಯಲ್ಲಿ ತಟ್ಟೆ ತೊಳೆದು ಓದು ಅರ್ಧಕ್ಕೆ ಬಿಟ್ಟವನು ಆತ್ಮಕತೆ ಬರೆಯಲಿಲ್ಲ. ನಮ್ಮ ವಾರಾನ್ನದ ಕತೆಗಳ ಮಿತಿಯೂ ಇದೇ ಅಲ್ಲವೇ? ವಾರದಲ್ಲಿ ಐದೇ ಮನೆ ಸಿಕ್ಕಿ ಓದು ಬಿಟ್ಟು ಊರಿಗೆ ಮರಳಿದ ಹುಡುಗನ ಕತೆ ನಮಗೆ ಕೈಗೆ ಸಿಕ್ಕಿಲ್ಲ.

ಅಂಬೇಡ್ಕರರ ವಿಷಯ ಬೇರೆ. 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಅವರ ಖರ್ಚನ್ನು ಬರೋಡಾ ಸಂಸ್ಥಾನ ವಹಿಸಿಕೊಂಡಿತ್ತು: ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಓದಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿತ್ತು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಚಿಕ್ಕ ಆತ್ಮಕಥನದಲ್ಲಿ ಅವರು ಈ ಕರಾರನ್ನು ತೀರಿಸಲು ಬರೋಡಾಕ್ಕೆ ಬಂದಿಳಿದ ಕತೆ ಹೇಳುತ್ತಾರೆ. ಹೊರದೇಶದ ವರ್ಷಗಳಲ್ಲಿ ತಾನು ಅಸ್ಪೃಶ್ಯ ಎಂಬ ಅರಿವೇ ಮನಸ್ಸಿನಿಂದ ಅಳಿಸಿಹೋಗಿತ್ತು. ರೈಲಿನಿಂದ ಇಳಿದ ಕೂಡಲೇ ಎಲ್ಲಿ ತಂಗುವುದು ಎಂಬ ಪ್ರಶ್ನೆ ಅದನ್ನು ಮರಳಿ ತಂದಿತು. ಕೊನೆಗೆ ಪಾರ್ಸಿಗಳ ಛತ್ರವೊಂದರಲ್ಲಿ, ಪಾರ್ಸಿ ಹೆಸರೊಂದನ್ನು ದಾಖಲೆಯಲ್ಲಿ ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಇರುತ್ತಾರೆ. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕುತ್ತದೆ. ಕೊಲಂಬಿಯಾದ ಫೀಸು ಕಟ್ಟಿದ ಸಂಸ್ಥಾನದಲ್ಲಿ ಅವರಿಗೆ ತಲೆಯ ಮೇಲೊಂದು ಸೂರು ಸಿಗಲಿಲ್ಲ.

ಈ ಬರಹವನ್ನು ಸಾಮಾನ್ಯವಾಗಿ ಜಾತಿಯ ಕ್ರೌರ್ಯದ ದಾಖಲೆಯಾಗಿ ಓದುತ್ತೇವೆ, ಅದು ಸರಿಯೇ. ನಮ್ಮ ಪ್ರಶ್ನೆಗೆ ಇಲ್ಲಿ ಮುಖ್ಯವಾಗುವುದು ಆ ಸುಳ್ಳು ಹೆಸರು. ಅಮೆರಿಕದಲ್ಲಿ ಸ್ವಂತ ಹೆಸರಿನಲ್ಲಿ ಓದಿದ ಮನುಷ್ಯ, ಓದಿನ ಋಣ ತೀರಿಸಲು ಬಂದಾಗ ಸ್ವಂತ ಊರುಗಳ ನಾಡಿನಲ್ಲಿ ಇನ್ನೊಬ್ಬರ ಹೆಸರು ಹೊತ್ತುಕೊಳ್ಳಬೇಕಾಯಿತು.

ಸುಮಾರು ನೂರು ವರ್ಷದ ಬಳಿಕ ಬಂದ ಕಾದಂಬರಿಯೊಂದರಲ್ಲಿ ಇದು ತಿರುಗುಮುರುಗಾಗಿ ಬರುತ್ತದೆ. ಚಿಮಮಾಂಡ ಎನ್‌ಗೋಜಿ ಅಡೀಚಿ ಅವರ ‘ಅಮೆರಿಕಾನಾ’ (2013) ಕಾದಂಬರಿಯ ಇಫೆಮೆಲು ನೈಜೀರಿಯದ ಹುಡುಗಿ. ಅಲ್ಲಿ ಅಧ್ಯಾಪಕರ ಮುಷ್ಕರಗಳಿಂದ ವಿಶ್ವವಿದ್ಯಾಲಯ ಮತ್ತೆ ಮತ್ತೆ ಮುಚ್ಚುತ್ತದೆ. ಇವಳು ಅರ್ಧಂಬರ್ಧ ಸ್ಕಾಲರ್‌ಷಿಪ್ಪಿನ ಮೇಲೆ ಫಿಲಡೆಲ್ಫಿಯಕ್ಕೆ ಓದಲು ಬರುತ್ತಾಳೆ. ವಿದ್ಯಾರ್ಥಿ ವೀಸಾದಲ್ಲಿ ಹೊರಗೆ ದುಡಿಯುವಂತಿಲ್ಲ, ಕ್ಯಾಂಪಸ್ಸಿನ ಕೆಲಸದ ಸಂಬಳ ಯಾವುದಕ್ಕೂ ಸಾಲದು ಎಂದು ಆಂಟಿ ಉಜು ಮೊದಲೇ ಹೇಳಿಬಿಡುತ್ತಾಳೆ. ಹೇಳಿ, ತನ್ನ ಗೆಳತಿಯೊಬ್ಬಳ ಸೋಷಿಯಲ್ ಸೆಕ್ಯುರಿಟಿ ಕಾರ್ಡನ್ನು ಕೈಗಿಡುತ್ತಾಳೆ. ಇನ್ನು ಮೇಲೆ ಕೆಲಸಕ್ಕೆ ಅರ್ಜಿ ಹಾಕುವಾಗ ಇಫೆಮೆಲುವಿನ ಹೆಸರು ಎನ್‌ಗೋಜಿ ಒಕೊಂಕ್ವೊ.

ಎಫ್-1 ವಿದ್ಯಾರ್ಥಿಗೆ ಆ ಸೋಷಿಯಲ್ ಸೆಕ್ಯುರಿಟಿ ನಂಬರ್ ಸಿಗುವುದು ನಿಯಮದೊಳಗಿನ ಕೆಲಸವೊಂದು ಸಿಕ್ಕ ಮೇಲೆ ಮಾತ್ರ. ಆ ನಂಬರ್ ಇಲ್ಲದೆ ಸಂಬಳದ ಲೆಕ್ಕದಲ್ಲಿ ನೀವಿಲ್ಲ. ಅಡೀಚಿ ಈ ವ್ಯವಸ್ಥೆಯನ್ನು ಎಲ್ಲಿಯೂ ಭಾಷಣ ಮಾಡಿ ವಿವರಿಸುವುದಿಲ್ಲ. ಇಫೆಮೆಲು ಸಂದರ್ಶನಕ್ಕೆ ಹೋಗುವ ಮುಂಚೆ ಆ ಇನ್ನೊಂದು ಹೆಸರನ್ನು ಅಭ್ಯಾಸ ಮಾಡಿಕೊಳ್ಳುವುದು, ಬಾಯಿ ತಪ್ಪುವುದು, ಕೆಲಸ ಸಿಗದಿರುವುದು, ಬಾಡಿಗೆಯ ದಿನ ಹತ್ತಿರವಾಗುವುದು, ಇಷ್ಟರಿಂದಲೇ ಕೆಲಸವಾಗುತ್ತದೆ. ಕೊನೆಗೆ ಬಾಡಿಗೆಗೆ ದಾರಿ ಕಾಣದೆ, ಊರಾಚೆಯ ಟೆನಿಸ್ ಕೋಚ್ ಒಬ್ಬನ ಮನೆಗೆ ಅವಳು ಹೋಗುವ ಪ್ರಕರಣವಿದೆ. ‘ವಿಶ್ರಾಂತಿಗೆ ನೆರವಾಗುವ’ ಕೆಲಸ ಎಂದು ಅವನು ಹೇಳಿದ್ದ ಕೆಲಸ ಅವಳ ಮೈಯನ್ನೇ ಕೇಳುತ್ತದೆ. ನೂರು ಡಾಲರ್ ಸಿಗುತ್ತದೆ. ಅಂದಿನಿಂದ ಊರಿನಲ್ಲಿರುವ ಪ್ರಿಯಕರ ಒಬಿಂಜೆಯ ಫೋನು, ಪತ್ರ ಯಾವುದಕ್ಕೂ ಅವಳು ಉತ್ತರಿಸುವುದಿಲ್ಲ.

ಈ ಮೌನವೇ ಇಡೀ ಕಾದಂಬರಿಯ ಬುಡ. ಇಬ್ಬರು ಪ್ರೇಮಿಗಳು ವರ್ಷಗಟ್ಟಲೆ ಅಗಲಿರುವುದಕ್ಕೆ ಸಾಗರವಾಗಲೀ ಸಂಸ್ಕೃತಿಯಾಗಲೀ ಮುಖ್ಯ ಕಾರಣವಲ್ಲ. ಕಾರಣ ಒಂದು ತಿಂಗಳ ಬಾಡಿಗೆ. ‘ಅಮೆರಿಕಾನಾ’ವನ್ನು ಜನಾಂಗ, ಕೂದಲು, ಉಚ್ಚಾರಣೆಯ ಕಾದಂಬರಿಯೆಂದು ಹೊಗಳಿದ ಓದುಗಳು ಬಹಳ ಬಂದಿವೆ. ಬಾಡಿಗೆಯ ಕಾದಂಬರಿಯಾಗಿ ಓದಿದರೆ ಅದರ ಕಟ್ಟಡ ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ. ಅದರಲ್ಲಿ ನನಗೆ ಎಲ್ಲಕ್ಕಿಂತ ತಟ್ಟಿದ್ದು ಒಂದು ಸಣ್ಣ ವಿವರ. ಒಂದು ದಿನ ಅಂಚೆಯಲ್ಲಿ ಕ್ರೆಡಿಟ್ ಕಾರ್ಡ್ ಕಂಪನಿಯ ಪತ್ರ ಬರುತ್ತದೆ. ಸಾಲ ಕೊಡಲು ಸಿದ್ಧವಿದ್ದೇವೆ ಎಂಬ, ಸಾವಿರಾರು ಜನಕ್ಕೆ ಹೋಗುವಂಥ ಪತ್ರ. ಅದರ ಮೇಲೆ ಅವಳ ನಿಜವಾದ ಹೆಸರು ತಪ್ಪಿಲ್ಲದೆ ಅಚ್ಚಾಗಿರುತ್ತದೆ. ಅದನ್ನು ನೋಡಿ ಅವಳ ಮನಸ್ಸು ಹಗುರಾಗುತ್ತದೆ, ತಾನು ಇಲ್ಲಿ ಇದ್ದೇನೆ ಎನಿಸುತ್ತದೆ. ದುಡಿಯಲು ಹೊರಟಾಗ ಕಳೆದುಹೋದ ಹೆಸರನ್ನು ಸಾಲ ಕೊಡುವವನು ತಂದುಕೊಡುತ್ತಾನೆ. ಅಸ್ಮಿತೆಯ ಬಗ್ಗೆ ಎಷ್ಟೋ ಪುಟ ಬರೆದರೂ ಇಷ್ಟು ನಿಚ್ಚಳವಾಗಿ ಹೇಳುವುದು ಕಷ್ಟ.

ಆದರೆ ಕಾದಂಬರಿ ಈ ಬಿಗಿಯನ್ನು ಕೊನೆಯವರೆಗೆ ಉಳಿಸಿಕೊಳ್ಳುವುದಿಲ್ಲ. ಕಿಂಬರ್ಲಿ ಎಂಬ ಸಿರಿವಂತ ಹೆಂಗಸಿನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಗುತ್ತದೆ. ಆ ಮನೆಯ ನಂಟಿನಿಂದಲೇ ಕರ್ಟ್ ಎಂಬ ಶ್ರೀಮಂತ ಗೆಳೆಯ ಸಿಗುತ್ತಾನೆ. ಅವನ ಪರಿಚಯಗಳಿಂದ ಗ್ರೀನ್ ಕಾರ್ಡಿಗೆ ದಾರಿ ಮಾಡಿಕೊಡುವ ನೌಕರಿ ಸಿಗುತ್ತದೆ. ಇಫೆಮೆಲುವಿಗೇ ಇದರ ಬಗ್ಗೆ ಇರಿಸುಮುರಿಸಿದೆ ಎಂಬುದನ್ನು ಅಡೀಚಿ ಮರೆಸುವುದಿಲ್ಲ. ಆದರೂ ಅಲ್ಲಿಂದ ಮುಂದೆ ಹಣದ ಪ್ರಶ್ನೆ ಹಿಂದೆ ಸರಿದು, ಜನಾಂಗದ ಕುರಿತ ಅವಳ ಬ್ಲಾಗು ಮುಂದೆ ಬರುತ್ತದೆ. ಮೊದಲ ಭಾಗದಲ್ಲಿ ಬಾಡಿಗೆಯೂ ಬಣ್ಣವೂ ಒಂದೇ ಹಗ್ಗದ ಎರಡು ಎಳೆಗಳಾಗಿದ್ದವು. ನಂತರ ಒಂದು ಎಳೆ ಸಡಿಲವಾಗುತ್ತದೆ.

ಮೊಹ್ಸಿನ್ ಹಮೀದ್ ಅವರ ‘ದಿ ರಿಲಕ್ಟಂಟ್ ಫಂಡಮೆಂಟಲಿಸ್ಟ್’ (2007) ಗುಟ್ಟಿನ ಇನ್ನೊಂದು ಬಗೆಯನ್ನು ತೋರಿಸುತ್ತದೆ. ಲಾಹೋರಿನ ಚಂಗೇಜ್ ಪ್ರಿನ್ಸ್‌ಟನ್ನಿನಲ್ಲಿ ಆರ್ಥಿಕ ನೆರವಿನ ಮೇಲೆ ಓದುವವನು. ಅದು ಸಾಲದೆ ಕ್ಯಾಂಪಸ್ಸಿನಲ್ಲೇ ಮೂರು ಕೆಲಸ ಮಾಡುತ್ತಾನೆ, ಗೆಳೆಯರು ಅಷ್ಟಾಗಿ ಬಾರದ ಜಾಗಗಳನ್ನು ಹುಡುಕಿ ಮಾಡುತ್ತಾನೆ. ಅದರಲ್ಲೊಂದು ವಿಭಾಗದ ಗ್ರಂಥಾಲಯ. ರಾತ್ರಿಯೆಲ್ಲ ಕೂತು ಪಾಠ ಓದುತ್ತಾನೆ. ಹಗಲಿನಲ್ಲಿ ನಾಲ್ಕು ಜನರ ಮುಂದೆ ಯಾವ ಚಿಂತೆಯೂ ಇಲ್ಲದ ರಾಜಕುಮಾರನಂತೆ ಇರುತ್ತಾನೆ. ಇಲ್ಲಿ ಕಾನೂನು ಮುರಿದಿಲ್ಲ, ಹೆಸರು ಸುಳ್ಳಲ್ಲ. ಮುಚ್ಚಿಟ್ಟದ್ದು ಕೆಲಸವನ್ನು. ಒಂದು ಕಾಲಕ್ಕೆ ಅನುಕೂಲವಾಗಿದ್ದು ಈಗ ಇಳಿಮುಖವಾಗಿರುವ ಮನೆತನದ ಮರ್ಯಾದೆಗಾಗಿ ಈ ವೇಷ. ನಮ್ಮೂರ ಕಡೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಆ ಮಾತಿನ ನಗುವನ್ನು ಬಿಟ್ಟು ಸಂಕಟವನ್ನಷ್ಟೇ ಉಳಿಸಿಕೊಂಡಂತೆ ಇದೆ ಈ ಭಾಗ.

ಅವನ ಗುಟ್ಟನ್ನು ಕಂಡುಹಿಡಿಯುವವನು ಜಿಮ್, ಕಂಪನಿಗಳ ಬೆಲೆ ಕಟ್ಟುವ ಸಂಸ್ಥೆಯಿಂದ ಸಂದರ್ಶನಕ್ಕೆ ಬಂದವನು. ಪ್ರಿನ್ಸ್‌ಟನ್ ನಿನಗೆ ನೆರವು ಕೊಟ್ಟಿತೇ ಎಂದು ನೇರವಾಗಿ ಕೇಳುತ್ತಾನೆ. ತಾನೂ ಅಲ್ಲೇ ಓದಿದವನು, ಫೀಸಿಗಾಗಿ ಯಾರಿಗೂ ತಿಳಿಯದಷ್ಟು ದೂರದ ಟ್ರೆಂಟನ್ನಿನಲ್ಲಿ ರಾತ್ರಿ ಪಾಳಿ ಮಾಡಿದವನು ಎಂದೂ ಹೇಳುತ್ತಾನೆ. ಹಾಗಾದರೆ ಮುಚ್ಚಿಡುವುದು ಪರದೇಶಿಗಳ ಪಾಡು ಮಾತ್ರವಲ್ಲ. ಬಡ ಅಮೆರಿಕನ್ನನೂ ಮುಚ್ಚಿಟ್ಟಿದ್ದ. ಆದರೆ ಜಿಮ್ ಕೆಲಸ ಬಿಟ್ಟರೆ ಕೆಲಸವಷ್ಟೇ ಹೋಗುತ್ತದೆ. ಚಂಗೇಜ್ ಕೆಲಸ ಬಿಟ್ಟರೆ ವೀಸಾ ಹೋಗುತ್ತದೆ, ಅದರ ಜೊತೆಗೆ ದೇಶ ಹೋಗುತ್ತದೆ. ಒಂದೇ ಬಗೆಯ ಬಡತನದಲ್ಲಿ ಬೆಳೆದ ಇಬ್ಬರ ನಡುವೆ ಈ ಒಂದು ಗೆರೆ ಇದೆ.

ಈ ಕಾದಂಬರಿಯನ್ನು ಸೆಪ್ಟೆಂಬರ್ 11ರ ನಂತರದ ರಾಜಕೀಯದ ಕತೆ ಎಂದೇ ಎಲ್ಲರೂ ಓದುತ್ತಾರೆ. ಲೇಖಕ ಬಯಸಿದ್ದೂ ಬಹುಶಃ ಅದನ್ನೇ. ಮೂರು ಕೆಲಸಗಳ ಮಾತು ಆರಂಭದ ಪುಟಗಳಲ್ಲಿ ಬಂದು ಮುಗಿಯುತ್ತದೆ. ಆದರೆ ಚಂಗೇಜನ ಸಿಟ್ಟಿನ ಹುಟ್ಟನ್ನು ಅಲ್ಲಿಯೇ ಹುಡುಕಬೇಕು ಎನ್ನುವುದು ನನ್ನ ಓದು. ಲೋಕದ ಮೂಲೆಮೂಲೆಯಿಂದ ಬುದ್ಧಿವಂತರನ್ನು ಆರಿಸಿ ವೀಸಾ ಮತ್ತು ಸ್ಕಾಲರ್‌ಷಿಪ್ ಕೊಡುವುದು ಸುಮ್ಮನೆ ಅಲ್ಲ, ಅದರ ಪ್ರತಿಫಲವನ್ನು ನಿರೀಕ್ಷಿಸಿಯೇ ಎಂದು ಅವನು ಆರಂಭದಲ್ಲೇ ಹೇಳುತ್ತಾನೆ. ದಾನ ಎಂದುಕೊಂಡದ್ದು ಮುಂಗಡ ಎಂದು ತಿಳಿದ ಮನುಷ್ಯನ ಸಿಟ್ಟು ಅವನದು. ಅಂಬೇಡ್ಕರರ ಕರಾರು ಕಾಗದದ ಮೇಲಿತ್ತು. ಚಂಗೇಜನ ಕರಾರನ್ನು ಯಾರೂ ಬರೆದಿರಲಿಲ್ಲ. ಅದಕ್ಕೇ ಅದರಿಂದ ಬಿಡಿಸಿಕೊಳ್ಳುವುದು ಹೇಗೆಂದು ಅವನಿಗೆ ಗೊತ್ತಾಗುವುದಿಲ್ಲ.

ಇಲ್ಲೊಂದು ಆಕ್ಷೇಪ ಬರಬಹುದು. ಸಾಹಿತ್ಯ ಜಮಾಖರ್ಚಿನ ಪುಸ್ತಕವೇ? ಪಾತ್ರದ ಒಳಮನಸ್ಸನ್ನು ಬಿಟ್ಟು ಅದರ ಪರ್ಸನ್ನು ತಡಕುವುದು ವಿಮರ್ಶೆಯೇ? ಈ ಆಕ್ಷೇಪದಲ್ಲಿ ತೂಕವಿದೆ. ಹಣವನ್ನೇ ಎಲ್ಲದರ ಕಾರಣ ಮಾಡಿದರೆ ಮುಖರ್ಜಿಯ ಜಾತಿ, ಇಫೆಮೆಲುವಿನ ಬಣ್ಣ, ಚಂಗೇಜನ ದೇಶ ಎಲ್ಲವೂ ಒಂದೇ ಬಿಲ್ಲಿನ ಸಾಲುಗಳಾಗಿ ಸಪ್ಪೆಯಾಗುತ್ತವೆ. ಆದರೆ ನಾವು ನೋಡಿದ ಕೃತಿಗಳಲ್ಲಿ ಒಳಮನಸ್ಸು ಮತ್ತು ಪರ್ಸು ಬೇರೆಬೇರೆ ಜಾಗದಲ್ಲಿಲ್ಲ. ಮುಖರ್ಜಿಗೆ ತನ್ನ ಹುಟ್ಟು ನೆನಪಾಗುವುದು ತೊಟ್ಟಿಯ ಮುಂದೆ. ಇಫೆಮೆಲು ತನ್ನ ಹೆಸರನ್ನು ಕಳೆದುಕೊಳ್ಳುವುದು ಅರ್ಜಿಯ ನಮೂನೆಯಲ್ಲಿ. ಚಂಗೇಜ್ ಎರಡಾಗಿ ಸೀಳುವುದು ಕೆಲಸದ ಪಾಳಿಗಳ ನಡುವೆ. ಫೀಸನ್ನು ಬಿಟ್ಟು ಇವರ ಅಸ್ಮಿತೆಯನ್ನು ಓದುವುದೆಂದರೆ ಗಾಯವನ್ನು ನೋಡಿ ಕತ್ತಿಯನ್ನು ನೋಡದೆ ಬಂದಂತೆ.

ನಮ್ಮ ವಿಮರ್ಶೆಗೆ ಈ ಅಭ್ಯಾಸ ಯಾಕೆ ಬರಲಿಲ್ಲ ಎನ್ನುವುದಕ್ಕೆ ಒಂದು ಚಾರಿತ್ರಿಕ ಕಾರಣವಿದೆ. 1965ರ ವಲಸೆ ಕಾಯ್ದೆಯ ಸುತ್ತಮುತ್ತ ಅಮೆರಿಕಕ್ಕೆ ಹೋದ ಭಾರತೀಯ ವಿದ್ಯಾರ್ಥಿಗಳಲ್ಲಿ ಬಹಳ ಜನ ಸಂಶೋಧನೆಗೆ ಹೋದವರು. ಪಿಎಚ್‌.ಡಿ. ಮಾಡುವವರಿಗೆ ಪಾಠ ಮಾಡುವ ಅಥವಾ ಪ್ರಯೋಗಾಲಯದ ಸಹಾಯಕನ ಕೆಲಸ ಕೊಟ್ಟು, ಫೀಸು ಮಾಫಿ ಮಾಡಿ, ತಿಂಗಳ ಭತ್ಯೆ ಕೊಡುವುದು ಅಲ್ಲಿನ ರೂಢಿ. ಆ ಪೀಳಿಗೆಯ ಬಾಳನ್ನು ಬರೆದ ಝುಂಪಾ ಲಾಹಿರಿ ಅವರ ‘ದಿ ನೇಮ್‌ಸೇಕ್’ನಲ್ಲಿ (2003) ಅಶೋಕ್ ಎಂಐಟಿಯಲ್ಲಿ ಸಂಶೋಧನೆಗೆ ಬಂದವನು, ಅಲ್ಲಿ ಮನೆಮಾತು, ಹೆಸರು, ಅಡುಗೆಯ ಪ್ರಶ್ನೆಗಳು ಮುಂದಿದ್ದು ಹಣ ಹಿನ್ನೆಲೆಯಲ್ಲಿರುತ್ತದೆ. ಅದೇ ಲಾಹಿರಿ ‘ದಿ ಥರ್ಡ್ ಅಂಡ್ ಫೈನಲ್ ಕಾಂಟಿನೆಂಟ್’ ಕತೆಯಲ್ಲಿ ವಾರಕ್ಕೆ ಎಂಟು ಡಾಲರಿನ ಬಾಡಿಗೆಯನ್ನು ಮುದುಕಿಯ ಕೈಗೆ ಕೊಡುವ ಚಿಕ್ಕ ವಿವರದಿಂದ ಇಡೀ ಸಂಬಂಧವನ್ನು ಕಟ್ಟುತ್ತಾರೆ. ಹಣ ಬಂದ ಕಡೆ ಅವರ ಕತೆ ಬಿಗಿಯಾಗುತ್ತದೆ ಎಂಬುದು ಗಮನಿಸಬೇಕಾದ್ದು.

ಕನ್ನಡದಲ್ಲೂ ಅಮೆರಿಕ ಮೊದಲು ಬಂದದ್ದು ಇಂಥ ದಾರಿಗಳಿಂದ. ಎ.ಕೆ. ರಾಮಾನುಜನ್ 1959ರಲ್ಲಿ ಹೋದದ್ದು ಫುಲ್‌ಬ್ರೈಟ್ ವೇತನದ ಮೇಲೆ. ಅವರ ‘ಅಣ್ಣಯ್ಯನ ಮಾನವಶಾಸ್ತ್ರ’ ಈ ವಸ್ತುವಿನ ಮೇಲೆ ಕನ್ನಡದಲ್ಲಿ ಬಂದಿರುವ ಅತ್ಯಂತ ಹರಿತವಾದ ಕತೆ. ಶಿಕಾಗೋದ ಗ್ರಂಥಾಲಯದಲ್ಲಿ ಕೂತು ಹಿಂದೂ ಸಂಸ್ಕಾರಗಳ ಬಗ್ಗೆ ಅಮೆರಿಕನ್ ವಿದ್ವಾಂಸನೊಬ್ಬ ಬರೆದ ಪುಸ್ತಕ ತಿರುವುತ್ತಿದ್ದ ಅಣ್ಣಯ್ಯನಿಗೆ, ಅದರ ಫೋಟೊಗಳಲ್ಲಿ ತನ್ನ ಮನೆಯೇ, ತನಗೆ ಯಾರೂ ತಿಳಿಸದ ತನ್ನ ಅಪ್ಪನ ಸಾವೇ ಕಾಣುತ್ತದೆ. ಪುಸ್ತಕಕ್ಕೆ ಆ ಮನೆ ಒಂದು ಮಾದರಿ, ಇವನಿಗೆ ಮನೆ. ಈ ಕತೆ ಜ್ಞಾನದ ಬೆಲೆಯನ್ನು ಕೇಳುತ್ತದೆ. ಫೀಸಿನ ಬೆಲೆಯನ್ನು ಅದು ಕೇಳಬೇಕಾಗಿಯೂ ಇರಲಿಲ್ಲ, ಅದರ ಗುರಿ ಬೇರೆ. ಆದರೆ ಚಂಗೇಜ್ ಗುಟ್ಟಾಗಿ ದುಡಿಯುವುದೂ ಒಂದು ಗ್ರಂಥಾಲಯದಲ್ಲೇ ಎಂಬುದನ್ನು ನೆನಪಿಟ್ಟುಕೊಂಡು ಇದನ್ನು ಓದಿದರೆ, ಗ್ರಂಥಾಲಯದ ಮೇಜಿನ ಈ ಕಡೆ ಕೂತವನಿಗೂ ಆ ಕಡೆ ನಿಂತು ಪುಸ್ತಕ ಕೊಡುವವನಿಗೂ ನಡುವೆ ಒಂದು ಪೀಳಿಗೆಯ ಅಂತರವಿರುವುದು ಕಾಣುತ್ತದೆ.

ಇನ್ನೊಂದು ದಾರಿ ಪ್ರವಾಸ ಕಥನದ್ದು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’ 1980ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ, ಈಗಲೂ ಖುಷಿಯಿಂದ 읽ಓದಿಸಿಕೊಳ್ಳುವ ಪುಸ್ತಕ. ಅದರ ನಂತರ ಅಮೆರಿಕ ನೋಡಿ ಬಂದ ಹಿರಿಯರು ಬರೆದ ಕಥನಗಳು ಕನ್ನಡದಲ್ಲಿ ಸಾಕಷ್ಟಿವೆ. ಅವುಗಳಲ್ಲಿ ಮಗನ ಮನೆ, ಮಗಳ ಕಾರು, ಮೊಮ್ಮಗುವಿನ ಇಂಗ್ಲಿಷು ಬರುತ್ತವೆ. ಅಪ್ಪ ಅಮ್ಮ ಅಮೆರಿಕಕ್ಕೆ ಹೋಗುವುದು ಸಾಲವೆಲ್ಲ ತೀರಿದ ಮೇಲೆ. ಹೀಗಾಗಿ ಫೀಸು ಕಟ್ಟಿದ ವರ್ಷಗಳು ಈ ಪ್ರಕಾರದ ಕಣ್ಣಿಗೆ ಬೀಳುವ ಸಾಧ್ಯತೆಯೇ ಕಡಿಮೆ.

ಆದರೆ ಈಗ ಹೋಗುತ್ತಿರುವವರು ಬೇರೆ. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602. ಬೇರೆ ಯಾವ ದೇಶದ ವಿದ್ಯಾರ್ಥಿಗಳೂ ಅಲ್ಲಿ ಇಷ್ಟಿರಲಿಲ್ಲ. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪದವಿಯ ನಂತರದ ಓದಿನಲ್ಲಿದ್ದರು. ಎರಡು ವರ್ಷದ ಎಂ.ಎಸ್. ಓದುವವರಿಗೆ ಪಿಎಚ್‌.ಡಿ.ಯವರಂತೆ ಫೀಸು ಮಾಫಿಯಾಗುವುದು ಅಪರೂಪ. ಇವರಲ್ಲಿ ಬಹಳ ಮಂದಿಯ ಫೀಸು ಬರುವುದು ಊರಿನ ಬ್ಯಾಂಕಿನಿಂದ. ಬ್ಯಾಂಕುಗಳ ಶಿಕ್ಷಣ ಸಾಲ ಏಳೂವರೆ ಲಕ್ಷ ರೂಪಾಯಿ ದಾಟಿದರೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಬೇಕು. ಅಪ್ಪ ಅಥವಾ ಅಮ್ಮ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಓದು ಮುಗಿದ ಮೇಲೆ ಅಮೆರಿಕದಲ್ಲಿ ಕೆಲಸದ ತರಬೇತಿಗೆ ಒಂದು ವರ್ಷ, ವಿಜ್ಞಾನ ಮತ್ತು ಎಂಜಿನಿಯರಿಂಗಿನವರಿಗೆ ಇನ್ನೂ ಎರಡು ವರ್ಷ ಅವಕಾಶವಿದೆ. ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಒಂದು ಕಡೆ ಆ ದಿನಗಳ ಎಣಿಕೆ, ಇನ್ನೊಂದು ಕಡೆ ಕಂತು ಶುರುವಾಗುವ ದಿನದ ಎಣಿಕೆ. ಎರಡೂ ಒಂದೇ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ನಡೆಯುತ್ತವೆ, ಆ ಮನೆ ಹಾಸನದಲ್ಲಿರಬಹುದು, ದಾವಣಗೆರೆಯಲ್ಲಿರಬಹುದು.

ಕತೆ ಇರುವುದು ಇಲ್ಲಿ, ಮತ್ತು ಈ ಕತೆ ಇಂಗ್ಲಿಷಿಗಿಂತ ಕನ್ನಡಕ್ಕೆ ಹತ್ತಿರವಾದದ್ದು. ಐ-20 ಇಂಗ್ಲಿಷಿನಲ್ಲಿದೆ, ಸಾಲದ ಕರಾರು ಇಂಗ್ಲಿಷಿನಲ್ಲಿದೆ. ಸೈಟಿನ ಪತ್ರ ಬ್ಯಾಂಕಿಗೆ ಇಡೋಣವೇ ಬೇಡವೇ ಎಂದು ಗಂಡಹೆಂಡತಿ ರಾತ್ರಿ ಮಾತಾಡಿಕೊಂಡದ್ದು ಕನ್ನಡದಲ್ಲಿದೆ. ತಂಗಿಯ ಮದುವೆಗೆಂದು ಇಟ್ಟದ್ದನ್ನು ಅಣ್ಣನ ಸೆಮಿಸ್ಟರಿಗೆ ಕಟ್ಟಿದ ಮೇಲೆ ಆ ತಂಗಿ ಏನೂ ಹೇಳದೆ ಇದ್ದದ್ದು ಕನ್ನಡದಲ್ಲಿದೆ. ಫೋನಿನಲ್ಲಿ ‘ಊಟ ಆಯ್ತಾ’ ಎಂದು ಅಮ್ಮ ಕೇಳಿದಾಗ, ರಾತ್ರಿ ಎಲ್ಲೋ ಲೆಕ್ಕಕ್ಕೆ ಸಿಗದ ಪಾಳಿ ಮುಗಿಸಿ ಬಂದ ಮಗ ‘ಆಯ್ತಮ್ಮ, ಲೈಬ್ರರಿಲಿ ಓದ್ತಾ ಇದ್ದೆ’ ಎನ್ನುವ ಸುಳ್ಳೂ ಕನ್ನಡದ್ದೇ. ಇಫೆಮೆಲುವಿನ ಮೌನಕ್ಕೆ, ಚಂಗೇಜನ ರಾಜಕುಮಾರನ ವೇಷಕ್ಕೆ ನಮ್ಮಲ್ಲಿ ಸಮನಾದದ್ದು ಈ ಒಂದು ವಾಕ್ಯ.

ವಾರಾನ್ನದ ಮನೆಗಳ ಹೆಸರನ್ನು ದಿನದಿನದ ಲೆಕ್ಕದಲ್ಲಿ ಬರೆದಿಟ್ಟ ಭಾಷೆಗೆ ಇದನ್ನು ಬರೆಯುವ ಶಕ್ತಿ ಇಲ್ಲವೆನ್ನಲಾಗದು. ಬರೆಯುವವರು ಬರುವವರೆಗೆ ಓದುವವರಾದರೂ ಒಂದು ಕೆಲಸ ಮಾಡಬಹುದು. ಅಮೆರಿಕದಲ್ಲಿ ಓದುವ ಪಾತ್ರವೊಂದು ಬಂದ ಕೂಡಲೇ ಅವಳ ಹಂಬಲ, ಅವನ ಬೇರು ಎಂದು ಟಿಪ್ಪಣಿ ಶುರುಮಾಡುವ ಮುಂಚೆ, ಆ ಸೆಮಿಸ್ಟರಿನ ಫೀಸು ಎಲ್ಲಿಂದ ಬಂತು ಎಂದು ಪುಟ ತಿರುವಿ ಹುಡುಕಬೇಕು. ಸಿಕ್ಕರೆ ಕತೆ ಅಲ್ಲಿಂದ ತೆರೆಯುತ್ತದೆ. ಸಿಗದಿದ್ದರೆ, ಅದನ್ನು ಮುಚ್ಚಿಟ್ಟವರು ಪಾತ್ರವೋ ಲೇಖಕರೋ ಎಂದು ಕೇಳುವುದರಿಂದ ವಿಮರ್ಶೆ ಶುರುವಾಗಬಹುದು.